ದುರ್ಗದಬೈಲಿನ ಸುಲ್ತಾನಾ ಮತ್ತು ಅಂಗೈಯಳತೆಯ ಫೋನು

ದುರ್ಗದಬೈಲಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬಟ್ಟೆ ಅಂಗಡಿಗಳೆಲ್ಲ ಬಾಗಿಲು ಹಾಕಿವೆ. ಚಹಾದ ಗಾಡಿಯೊಂದರ ಸ್ಟೋವ್ ಮಾತ್ರ ಸದ್ದು ಮಾಡುತ್ತಿದೆ. ಬಳೆ ಅಂಗಡಿಗಳ ಸಾಲಿನ ತುದಿಯಲ್ಲಿ, ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗದ ಅಂಗಡಿಯೊಂದರ ಶಟರ್ ಅರ್ಧ ಮೇಲೇರಿದೆ. ಒಳಗೆ ಟೇಬಲ್ ದೀಪದ ಬೆಳಕಿನಲ್ಲಿ ಸುಲ್ತಾನಾ ಕುಳಿತಿದ್ದಾರೆ. ತಲೆಯ ಮೇಲಿನ ಸೆರಗು ಜಾರದಂತೆ ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಬಲಗಣ್ಣಿಗೆ ಗಡಿಯಾರ ರಿಪೇರಿಯವರ ಕಪ್ಪು ಭೂತಗನ್ನಡಿ ಒತ್ತಿಕೊಂಡು, ಪುಟ್ಟದೊಂದು ಮೊಬೈಲ್ ಫೋನಿನ ಹೊಟ್ಟೆ ಬಿಚ್ಚಿದ್ದಾರೆ.

ಫೋನಿನ ಒಡತಿ ಶಿರಗುಪ್ಪಿಯ ರತ್ನವ್ವ. ಮೆಂತ್ಯ, ಕೊತ್ತಂಬರಿ, ಹಸಿಮೆಣಸಿನಕಾಯಿ ತುಂಬಿದ ಬುಟ್ಟಿಯನ್ನು ಮೆಟ್ಟಿಲ ಮೇಲಿಳಿಸಿ, ಆಸ್ಪತ್ರೆಯ ಬಾಗಿಲಲ್ಲಿ ನಿಂತವರ ಹಾಗೆ ನಿಂತಿದ್ದಾರೆ. ನಿನ್ನೆ ಸಂಜೆ ಸೊಪ್ಪಿಗೆ ನೀರು ಚಿಮುಕಿಸಲು ಬಗ್ಗಿದಾಗ ಸೊಂಟದಲ್ಲಿದ್ದ ಫೋನು ಜಾರಿ ಬಕೀಟಿಗೆ ಬಿದ್ದಿತ್ತು.

"ಉಳಿತೈತೇನವಾ?"

"ನೀರು ಕುಡದೈತಿ ಅಕ್ಕಾ. ಆದ್ರ ಜೀವ ಐತಿ. ಸ್ವಲ್ಪ ತಡಿ."

ಸುಲ್ತಾನಾ ಸಣ್ಣ ಬ್ರಷ್ಷನ್ನು ಫೋನು ತೊಳೆಯುವ ಔಷಧದಲ್ಲಿ ಅದ್ದಿ ಒಳಗಿನ ಹಸಿರು ಹಲಗೆಯನ್ನು ಮೆಲ್ಲಗೆ ಉಜ್ಜುತ್ತಾರೆ. ಬಿಸಿಗಾಳಿ ಹಿಡಿಯುತ್ತಾರೆ. ಮತ್ತೆ ಉಜ್ಜುತ್ತಾರೆ. ಅವಸರವಿಲ್ಲ. ಬಾಯಲ್ಲಿ ಮಾತ್ರ ಮಾತು ನಡೆದೇ ಇದೆ: ಮೆಣಸಿನಕಾಯಿ ಈ ವಾರ ಹೆಂಗ ಹೋಗಾಕತ್ತಾವ, ಸಣ್ಣ ಮಗಳಿಗೆ ಬಾಣಂತನ ಯಾರು ಮಾಡತಾರ. ಕೊನೆಗೆ ಮುಚ್ಚಳ ಒತ್ತಿ ಬದಿಯ ಗುಂಡಿ ಹಿಡಿದಾಗ ಪರದೆ ಬೆಳಗುತ್ತದೆ. ಅದರಲ್ಲಿ ರತ್ನವ್ವನ ಮೊಮ್ಮಗಳು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಾಳೆ. ರತ್ನವ್ವ ಫೋನನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಸೊಂಟದ ಪುಟ್ಟ ಬಟ್ಟೆಚೀಲ ಚಂಚಿಗೆ ಹಾಕಿ ದಾರ ಬಿಗಿಯುತ್ತಾರೆ. ಸುಲ್ತಾನಾ ಹೊರಗೆ ಬಂದು ಬುಟ್ಟಿಗೆ ಕೈಹಚ್ಚಿ ತಲೆಗೇರಿಸುತ್ತಾರೆ.

ಊರೆಲ್ಲ ಒಂಬತ್ತು ಹತ್ತಕ್ಕೆ ಬಾಗಿಲು ತೆರೆದರೆ ಇವರದು ಮಾತ್ರ ಮೊದಲ ಬಸ್ಸಿನ ಹೊತ್ತಿಗೇ ತೆರೆಯುತ್ತದೆ. ಕಾರಣ ಸರಳ. "ಕಾಯಿಪಲ್ಲೆ ಮಾರೋ ಹೆಣ್ಮಕ್ಕಳಿಗೆ ಆಮ್ಯಾಗ ಪುರಸೊತ್ತು ಇರೂದಿಲ್ರಿ. ಗಿರಾಕಿ ಬಿಟ್ಟು ಎದ್ದು ಬರಾಕ ಆಕ್ಕೈತೇನು? ಅವರ ಹೊತ್ತಿಗೆ ನಾ ಹೊಂದಿಕೊಂಡ್ರ ಆತು," ಎನ್ನುತ್ತಾರೆ ಸುಲ್ತಾನಾ.

ಅವರ ಅಂಗಡಿಯಲ್ಲಿ ಹೊಸ ಫೋನುಗಳಿಲ್ಲ. ಗಾಜಿನ ಕಪಾಟಿನಲ್ಲಿ ಕುಳಿತಿರುವುದೆಲ್ಲ ಕೆಲವು ವರ್ಷಗಳ ಹಿಂದಿನ ಸಣ್ಣ ಸ್ಮಾರ್ಟ್‌ಫೋನುಗಳು. ಯಾರೋ ದೊಡ್ಡದನ್ನು ಕೊಂಡು ಬಿಟ್ಟುಕೊಟ್ಟವು. ಸುಲ್ತಾನಾ ಅವುಗಳನ್ನು ಬಿಚ್ಚಿ, ತೊಳೆದು, ಬ್ಯಾಟರಿ ಬದಲಿಸಿ, ಒಡೆದ ಪರದೆ ತೆಗೆದು ಬೇರೆಯದು ಕೂರಿಸಿ ಮಾರುತ್ತಾರೆ. ಮಾರಿದ್ದನ್ನು ತಾವೇ ರಿಪೇರಿಯೂ ಮಾಡಿಕೊಡುತ್ತಾರೆ. ಸೊಪ್ಪು ಮಾರುವವರು, ಹಮಾಲರು, ಆಟೋ ಓಡಿಸುವವರು, ಮನೆಯಲ್ಲೇ ಹೊಲಿಗೆ ಮಾಡುವ ಹೆಣ್ಣುಮಕ್ಕಳು ಅವರ ಗಿರಾಕಿಗಳು. ಹುಡುಗರು ಒಪ್ಪತ್ತು ನಿಂತು ನೋಡುವ, ಪುಸ್ತಕದಂತೆ ಮಡಚುವ ಹೊಸ ಫೋನಿನ ಮಾತು ಬಂದರೆ ಸುಲ್ತಾನಾ ನಗುತ್ತಾರೆ. "ಭಾಳ ಛಂದ ಇರತೈತ್ರಿ, ಸುಳ್ಳು ಯಾಕ ಹೇಳ್ಲಿ. ಆದ್ರ ಅದರ ಸ್ಕ್ರೀನ್ ಒಂದು ಒಡದ್ರ, ಆ ರೊಕ್ಕದಾಗ ನನ್ನ ಅಂಗಡಿ ಫೋನು ಒಂದು ಬುಟ್ಟಿ ಬರ್ತಾವು."

ಸಣ್ಣ ಫೋನೇ ಬೇಕೆನ್ನಲು ಅಗ್ಗ ಎನ್ನುವುದೊಂದೇ ಕಾರಣವಲ್ಲ. ಧಾರವಾಡದ ಕೆಲಗೇರಿಯಿಂದ ಬರುವ ಶಿವಯೋಗೀಶ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಬೇಕೆಂದರೆ ಯಾವ ಫೋನನ್ನಾದರೂ ಕೊಳ್ಳಬಲ್ಲವರು. ಸಣ್ಣ ಫೋನಿಗೆ ಹೊಸ ಬ್ಯಾಟರಿ ಹಾಕಿಸಲು ಅಷ್ಟು ದೂರದಿಂದ ಇಲ್ಲಿಯವರೆಗೆ ಬರುತ್ತಾರೆ. "ಮುಂಜಾನೆ ಕೆರಿ ಸುತ್ತ ಅಡ್ಡಾಡೂಮುಂದ ಅಂಗಿ ಕಿಸೆದಾಗ ಇಟ್ಟದ್ದು ಗೊತ್ತ ಆಗಬಾರ್ದು ನೋಡ್ರಿ. ದೊಡ್ಡದು ಇಟ್ಟರ ಅಂಗಿ ಒಂದು ಕಡೆ ಜಗ್ಗತದ," ಎಂದು ಅವರು ಕಿಸೆ ತಟ್ಟಿ ತೋರಿಸುತ್ತಾರೆ.

ಸುಲ್ತಾನಾರ ತಂದೆ ಯಾಕೂಬಸಾಬ ಇದೇ ಜಾಗದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಸುಲ್ತಾನಾ ಊಟದ ಡಬ್ಬಿ ತಂದುಕೊಟ್ಟು ಅಲ್ಲೇ ಕುಳಿತುಬಿಡುತ್ತಿದ್ದರು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟಾದಲ್ಲಿ ಎತ್ತುವುದು, ಉಸಿರು ಹಿಡಿದು ಸ್ಕ್ರೂ ತಿರುಗಿಸುವುದು ಆಟವಾಡುತ್ತಲೇ ಬಂತು. ತಂದೆಯ ಕಣ್ಣು ಮಂಜಾಗುವ ಹೊತ್ತಿಗೆ ಜನ ಕೈಗಡಿಯಾರ ಕಟ್ಟುವುದನ್ನೂ ಬಿಡತೊಡಗಿದ್ದರು. ಅಷ್ಟರಲ್ಲಿ ಸುಲ್ತಾನಾರ ಮದುವೆಯಾಗಿತ್ತು. ಗಂಡ ರಿಯಾಜ ಸಾಮಾನು ಸಾಗಿಸುವ ಟಂಟಂ ಓಡಿಸುತ್ತಿದ್ದರು. ಅಂಗಡಿ ಬಿಟ್ಟುಕೊಡೋಣ ಎಂದು ಮನೆಯಲ್ಲಿ ಮಾತು ಬಂದಾಗ ಮೊಬೈಲ್ ರಿಪೇರಿ ಕಲಿಯುತ್ತೇನೆ ಎಂದವರು ಸುಲ್ತಾನಾ. ಆಗಲಿ ಎಂದವರು ರಿಯಾಜ. ತರಬೇತಿ ಕೊಡುವ ಜಾಗಕ್ಕೆ ದಿನಾಲೂ ಟಂಟಂನಲ್ಲಿ ಬಿಟ್ಟು ಬರುತ್ತಿದ್ದವರೂ ಅವರೇ. ಇಡೀ ಕ್ಲಾಸಿನಲ್ಲಿ ಸುಲ್ತಾನಾ ಒಬ್ಬರೇ ಹೆಂಗಸು.

ಮೊದಮೊದಲು ಕಷ್ಟವಾದದ್ದು ಕೆಲಸವಲ್ಲ, ಅಂಗಡಿಯಲ್ಲಿ ಕೂರುವುದು. ಬಂದವರು ಒಳಗೆ ಇಣುಕಿ, "ಮಿಸ್ತ್ರಿ ಎಲ್ಲಿ ಹೋಗ್ಯಾರ್ರಿ?" ಎನ್ನುತ್ತಿದ್ದರು. ನಾನೇ ಎಂದರೆ, ಆಮೇಲೆ ಬರುತ್ತೇವೆ ಎಂದು ಹೋದವರು ಬರುತ್ತಲೇ ಇರಲಿಲ್ಲ. "ಒಂದ ದಿನ ಸಿಟ್ಟು ಬಂತ್ರಿ. 'ಮಿಸ್ತ್ರಿ ಊಟಕ್ಕ ಹೋಗ್ಯಾರ, ಫೋನ್ ಇಟ್ಟು ಹೋಗ್ರಿ' ಅಂದೆ. ಸಂಜಿಗೆ ಬಂದು ನೋಡಿ 'ಭಾರೀ ಛಲೋ ಮಾಡ್ಯಾರ ನಿಮ್ಮ ಮಿಸ್ತ್ರಿ' ಅಂದ್ರು. 'ಹೇಳತೇನ್ರಿ ಅವರಿಗೆ' ಅಂದೆ." ಈಗ ಅದನ್ನು ನೆನೆದು ಸುಲ್ತಾನಾ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳು ಮಾತ್ರ ಮಿಸ್ತ್ರಿ ಎಲ್ಲೆಂದು ಯಾವತ್ತೂ ಕೇಳಲಿಲ್ಲ. ಹೆಂಗಸು ಕುಳಿತಿದ್ದಾಳೆಂದೇ ಅವರು ಒಳಗೆ ಬಂದರು. ಗಂಡಸರಿಗೆ ತೋರಿಸಲು ನಾಚುವ ಫೋಟೋ, ಮಾತು, ಹಾಡು ಎಲ್ಲ ಇರುವ ಫೋನನ್ನು ನಂಬಿ ಕೈಗೆ ಕೊಟ್ಟರು. ಅಂಗಡಿ ನಿಂತದ್ದು ಅವರಿಂದ.

ಎರಡು ವರ್ಷದ ಹಿಂದೆ ಆ ಅಂಗಡಿ ಹೆಚ್ಚುಕಡಿಮೆ ಕೈತಪ್ಪಿಹೋಗಿತ್ತು.

ಮಗ ಅಸದನಿಗೆ ಆಗ ದೊಡ್ಡ ಫೋನ್ ಮಳಿಗೆಯೊಂದರಲ್ಲಿ ಕೆಲಸ ಸಿಕ್ಕಿ ಸ್ವಲ್ಪ ದಿನವಾಗಿತ್ತು. ಚುರುಕು ಹುಡುಗ, ಅಮ್ಮನ ಮೇಲೆ ಪ್ರಾಣ. ಸಣ್ಣ ಫೋನುಗಳನ್ನು ಕಂಪನಿಗಳೇ ಮಾಡುವುದು ಬಿಟ್ಟಿವೆ, ಬಿಡಿಭಾಗ ಸಿಗುವುದೂ ಕಷ್ಟವಾಗುತ್ತಿದೆ, ಇನ್ನೆಷ್ಟು ದಿನ ಹಳೆಯದನ್ನೇ ಉಜ್ಜುತ್ತ ಕೂರುತ್ತೀ ಎಂಬುದು ಅವನ ವಾದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪರಿಚಯದ ವ್ಯಾಪಾರಿಯೊಬ್ಬರು ಹೊಸ ಮಾಲು ಇಡಲು ಮುಂದೆ ಬಂದರು. ಅಂಗಡಿಗೆ ಗಾಜಿನ ಬಾಗಿಲು ಬಂತು. ಕಣ್ಣು ಕೋರೈಸುವ ಬಿಳಿ ದೀಪ, ತಣ್ಣನೆಯ ಗಾಳಿಯ ಯಂತ್ರ ಬಂತು. ತಂದೆಯ ಕಾಲದ ಮೇಜು ಮನೆ ಸೇರಿತು. ಸುಲ್ತಾನಾರಿಗೆ ಸೀರೆಯ ಮೇಲೆ ತೊಡಲು ನೀಲಿ ಕೋಟೊಂದನ್ನು ಕೊಟ್ಟರು. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದರೆ ಸಾಕೆಂದರು.

ಹೊಸ ಗಿರಾಕಿಗಳೂ ಬಂದರು. ಬಂದು, ನೋಡಿ, ಇದೇ ಫೋನು ಮನೆಗೇ ತರಿಸಿಕೊಂಡರೆ ಇನ್ನೂ ಕಡಿಮೆಗೆ ಸಿಗುತ್ತದೆಂದು ಹೊರಟುಹೋದರು. ಹಳೆಯ ಗಿರಾಕಿಗಳು ಗಾಜಿನಾಚೆಯೇ ಉಳಿದರು. ಕೆಲವರು ಮೆಟ್ಟಿಲ ಬಳಿ ಚಪ್ಪಲಿ ಬಿಡುವರು, ನೆಲದ ಹೊಳಪು ನೋಡುವರು, ಮತ್ತೆ ಚಪ್ಪಲಿ ಮೆಟ್ಟಿ ಹೋಗುವರು. "ಒಳಗ ಬರ್ರಿ ಅಂತ ಕೈ ಮಾಡತಿದ್ದೆ. ಗಾಜಿನ್ಯಾಗ ನನ್ನ ದನಿ ಹೊರಗ ಕೇಳತಿದ್ದಿಲ್ಲ," ಎನ್ನುತ್ತಾರೆ ಸುಲ್ತಾನಾ. ರಿಪೇರಿ ಇಲ್ಲದೆ ಕೈ ಸುಮ್ಮನಿತ್ತು. ಕುಳಿತಲ್ಲೇ ಬೆರಳು ಮುರಿಯುವುದು ಚಟವಾಯಿತು.

ಒಂದು ಮಧ್ಯಾಹ್ನ ರತ್ನವ್ವ ಧೈರ್ಯ ಮಾಡಿ ಬಾಗಿಲು ತಳ್ಳಿದರು. ನೀಲಿ ಕೋಟು ತೊಟ್ಟು ಬೆನ್ನು ತಿರುಗಿಸಿ ನಿಂತಿದ್ದವರನ್ನು ಕಂಡು, "ಬಾಯಾರ, ಇಲ್ಲಿ ಸುಲ್ತಾನಾ ಅಂತ ಒಬ್ಬಾಕಿ ಇರ್ತಿದ್ಲು. ಎಲ್ಲಿ ಹೋದ್ಲ್ರಿ?" ಎಂದು ಕೇಳಿದರು. ಸುಲ್ತಾನಾ ತಿರುಗಿದಾಗ ಇಬ್ಬರಿಗೂ ನಗು ಬಂತು. ಆದರೆ ಅಂದು ಮನೆಗೆ ಹೋಗುವವರೆಗೂ ಆ ಪ್ರಶ್ನೆ ಸುಲ್ತಾನಾರನ್ನು ಬಿಡಲಿಲ್ಲ.

ರತ್ನವ್ವನ ಹಳೆಯ ಫೋನು ಆಗ ಪೂರ್ತಿ ಕೆಟ್ಟಿತ್ತು. ಅಂಗಡಿಯಲ್ಲಿ ಸಣ್ಣದೊಂದೂ ಇರಲಿಲ್ಲ. ರಜೆಯ ದಿನವಾದ್ದರಿಂದ ಅಂಗಡಿಗೆ ಬಂದಿದ್ದ ಅಸದ ಪ್ರೀತಿಯಿಂದಲೇ ಇದ್ದುದರಲ್ಲಿ ಕಡಿಮೆಯ ಹೊಸ ಫೋನು ತೋರಿಸಿದ. ದೊಡ್ಡ ಪರದೆ, ಅಕ್ಷರ ಚೆನ್ನಾಗಿ ಕಾಣುತ್ತದೆಂದ. ರತ್ನವ್ವ ಅದನ್ನು ಒಯ್ದರು.

ಮುಂದಿನ ವಾರ ಅಸದನ ರಜೆಯ ದಿನವೇ ಮರಳಿ ಬಂದರು. ಪರದೆಯ ತುಂಬ ಜೇಡರ ಬಲೆಯಂತೆ ಬಿರುಕು. ಚಂಚಿಯಲ್ಲಿ ಹಿಡಿಸದ ಫೋನನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದರಂತೆ. ಎಡಗೈಯಲ್ಲಿ ಕೊತ್ತಂಬರಿ ಸೂಡು, ಬಲಗೈಯಲ್ಲಿ ಫೋನು. ಹೆಬ್ಬೆರಳು ಆಚೆ ತುದಿ ಮುಟ್ಟದೆ ಒಂದಿಷ್ಟು ಸರಿಸಿ ಹಿಡಿಯಲು ಹೋದಾಗ ಕಲ್ಲಿನ ಮೇಲೆ ಬಿತ್ತು. ಅವರು ಜಗಳಕ್ಕೆ ಬಂದಿರಲಿಲ್ಲ. ಸಿಟ್ಟೂ ಇರಲಿಲ್ಲ. ತಲೆ ತಗ್ಗಿಸಿ ಹೇಳಿದ್ದು ಇಷ್ಟೇ:

"ಫೋನ್ ಛಲೋನ ಐತ್ಯೋ ತಮ್ಮಾ. ನಂದ ತಪ್ಪು. ನನ್ನ ಕೈ ಸಣ್ಣದೈತಿ."

ಅಸದ ಒಡೆದ ಫೋನನ್ನು ಕೈಗೆ ತೆಗೆದುಕೊಂಡ. ಸುಲ್ತಾನಾ ಕೌಂಟರ್ ಆಚೆಯಿಂದ ಬಂದು ರತ್ನವ್ವನ ಕೈ ಹಿಡಿದುಕೊಂಡರು. "ಕೈ ಸಣ್ಣದಿದ್ರ ತಪ್ಪು ಹೆಂಗ ಆಕ್ಕೈತಿ ಅಕ್ಕಾ? ತಪ್ಪು ನಂದು. ನಿನ್ನ ಕೈ ನೋಡಿನೂ ಅದನ್ನ ಕೊಡಾಕ ಬಿಟ್ಟೆ." ಆ ಕೋಟನ್ನು ಅಲ್ಲೇ ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು. ತಮ್ಮ ಸ್ವಂತದ ಸಣ್ಣ ಫೋನಿನಿಂದ ಸಿಮ್ ತೆಗೆದು, ರತ್ನವ್ವನ ಸಿಮ್ ಹಾಕಿ, ಅದನ್ನೇ ಅವರ ಕೈಗಿಟ್ಟರು. ಒಡೆದ ದೊಡ್ಡ ಫೋನನ್ನು ಕೊಟ್ಟ ಬೆಲೆಗೇ ಹಿಂದಕ್ಕೆ ತೆಗೆದುಕೊಂಡರು.

ಆ ಸಂಜೆ ತಾಯಿ ಮಗನ ನಡುವೆ ಜಗಳವೇನೂ ಆಗಲಿಲ್ಲ. ಅಸದ ತಾನಾಗಿಯೇ ಎದ್ದು ವ್ಯಾಪಾರಿಗೆ ಫೋನ್ ಮಾಡಿದ. ಕೊಟ್ಟ ಮಾಲೆಲ್ಲ ವಾಪಸಾಯಿತು. ಗಾಜಿನ ಬಾಗಿಲನ್ನು ರಿಯಾಜ ಮತ್ತು ಅವನು ಸೇರಿ ಕಳಚಿದರು. ಯಾಕೂಬಸಾಬರ ಮೇಜು ಟಂಟಂ ಏರಿ ಮರಳಿ ಬಂತು. ಮೊದಲ ಕೆಲವು ತಿಂಗಳು ಕೈ ಬಿಗಿ ಹಿಡಿದೇ ಸಂಸಾರ ನಡೆಯಿತು. ಆದರೆ ಶಟರ್ ಮತ್ತೆ ಮುಂಜಾನೆ ಏಳತೊಡಗಿತು. ಬುಟ್ಟಿಗಳು ಮತ್ತೆ ಮೆಟ್ಟಿಲ ಮೇಲೆ ಇಳಿಯತೊಡಗಿದವು.

ದಾರಿ ತೋರಿಸಿದ್ದೂ ಅಸದನೇ. ಅವನು ಕೆಲಸ ಮಾಡುವಂಥ ಮಳಿಗೆಗಳಲ್ಲಿ ಹೊಸದನ್ನು ಕೊಳ್ಳುವವರು ಬಿಟ್ಟುಹೋಗುವ ಹಳೆಯ ಫೋನುಗಳಲ್ಲಿ ಸಣ್ಣವಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ. ಮಾಲೀಕರನ್ನು ಕೇಳಿ, ಅವನ್ನೆಲ್ಲ ಕೊಂಡು ತರುವ ವ್ಯವಸ್ಥೆ ಮಾಡಿದ. ಧಾರವಾಡದ ಕಡೆಯಿಂದಲೂ ಈಗ ಬರುತ್ತವೆ. ಕೆಟ್ಟುಹೋದ ಮೂರು ಫೋನಿನಿಂದ ಒಂದು ಗಟ್ಟಿ ಫೋನು ಮಾಡುವುದು ಸುಲ್ತಾನಾರ ಕೆಲಸ. ದಿನಕ್ಕೆ ಹತ್ತು ಹನ್ನೆರಡು ರಿಪೇರಿಗೆ ಮೋಸವಿಲ್ಲ. ಹಬ್ಬದ ಮುಂದೆ ಅದೂ ಹೆಚ್ಚು. ಹೊಸ ಫೋನುಗಳೂ ರಿಪೇರಿಗೆ ಬರುತ್ತವೆ. ಅವುಗಳನ್ನೂ ಅಷ್ಟೇ ಮುತುವರ್ಜಿಯಿಂದ ನೋಡುತ್ತಾರೆ. ಅಂಟು ಹಾಕಿ ಮುಚ್ಚಿದ ಬೆನ್ನನ್ನು ಬಿಸಿ ಮಾಡಿ ತೆಗೆಯುವಾಗ ಮಾತ್ರ ಸಣ್ಣಗೆ ಗೊಣಗುತ್ತಾರೆ.

ಫೋನು ಕೊಳ್ಳಲು ಬಂದವರಿಗೆ ಅವರು ಮೊದಲು ಕೇಳುವುದು ಬಜೆಟ್ ಅಲ್ಲ. "ಕೈ ತೋರಸ್ರಿ," ಎನ್ನುತ್ತಾರೆ. ಭವಿಷ್ಯ ಹೇಳುವವರ ಮುಂದೆ ಕುಳಿತಂತೆ ಜನ ಅಂಗೈ ಚಾಚುತ್ತಾರೆ. ಸುಲ್ತಾನಾ ಒಂದೆರಡು ಫೋನನ್ನು ಇಟ್ಟು, ಹೆಬ್ಬೆರಳು ಮೂಲೆಯಿಂದ ಮೂಲೆಗೆ ಹೋಗುತ್ತದೆಯೇ ಎಂದು ನೋಡುತ್ತಾರೆ. ಕೈ ದೊಡ್ಡದಿದ್ದು, ಸಿನಿಮಾ ನೋಡುವ ಹುಕಿಯೂ ಇದ್ದರೆ, ದೊಡ್ಡ ಫೋನೇ ಒಳ್ಳೆಯದೆಂದು ಹೇಳಿ ಮಗನ ಮಳಿಗೆಯ ದಾರಿ ತೋರಿಸುತ್ತಾರೆ. ಗಿರಾಕಿಯನ್ನು ಹಾಗೆ ಕಳಿಸಿಕೊಟ್ಟದ್ದಕ್ಕೆ ಬೇಸರವಿಲ್ಲವೇ? "ಯಾಕ್ರಿ ಬ್ಯಾಸರ? ಅವರಿಗೂ ಹೊಂದಬೇಕಲ್ರಿ. ಹೊಂದಿದ್ದು ಸಿಕ್ಕರ ಮನಶ್ಯಾ ಸುಖದಿಂದ ಇರ್ತಾನ."

ಬಿಸಿಲೇರುತ್ತಿದೆ. ಬಳೆ ಅಂಗಡಿಗಳ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿವೆ. ರಿಯಾಜ ದಾರಿಯಲ್ಲಿ ಹೋಗುತ್ತ ಟಂಟಂ ನಿಲ್ಲಿಸಿ, ರೊಟ್ಟಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಬಿಸಿ ಅದಾವ, ಲಗೂ ಉಣ್ಣು," ಎಂದು ಹೊರಡುತ್ತಾರೆ. ಸುಲ್ತಾನಾ ಭೂತಗನ್ನಡಿ ತೆಗೆದು ಕಣ್ಣು ಒರೆಸಿಕೊಳ್ಳುತ್ತಾರೆ. ಅಂಗಡಿ ದೊಡ್ಡದು ಮಾಡುವ ಆಸೆ ಅವರಿಗಿಲ್ಲ. ಇರುವ ಆಸೆ ಒಂದೇ. ಅದನ್ನು ಹೇಳುವಾಗ ಅವರ ಮುಖಕ್ಕೆ ಸ್ವಲ್ಪ ನಾಚಿಕೆ ಬರುತ್ತದೆ.

"ಇಷ್ಟು ವರ್ಷ ನಾ ಮಾರಿದ್ದೆಲ್ಲಾ ಇನ್ನೊಬ್ರು ಬಳಸಿ ಬಿಟ್ಟಿದ್ದ ಫೋನು. ಯಾವದಾರ ಕಂಪನಿಯವರು ಮತ್ತ ಸಣ್ಣ ಫೋನ್ ಮಾಡಬೇಕ್ರಿ, ನಮ್ಮವರಿಗೆ ನೀಗೋ ರೇಟಿನ್ಯಾಗ. ಒಂದ ಡಬ್ಬಿ ತುಂಬ ಹೊಸಾವು ತರಸತೇನಿ. ಮುಚ್ಚಳಾ ನಾ ತಗಿಯೂದಿಲ್ಲ. ಫೋನಿನ ಮ್ಯಾಲೆ ಒಂದು ತೆಳ್ಳನ ಪ್ಲಾಸ್ಟಿಕ್ ಹಾಳಿ ಇರತೈತಲ್ರಿ? ಅದನ್ನ ಈ ಕಾಯಿಪಲ್ಲೆ ಹೆಣ್ಮಕ್ಕಳು ತಮ್ಮ ಉಗುರಲೆ ಮೆಲ್ಲಕ ಸುಲೀಬೇಕು. ಆ ಸಪ್ಪಳ ಕೇಳ್ಕೋತ ನಾ ಇಲ್ಲೆ ಕುಂತಿರಬೇಕು. ಅಷ್ಟರೀ."