ಕಣದ ನಡುವಿನ ಚೆಂಡು

ಬೆಳಗಿನ ಮೊದಲ ಬಸ್ಸು ಗೋಣಿಬೀಡಿಗೆ ಬರುವಷ್ಟರಲ್ಲಿ ರುದ್ರಾಣಿಯವರ ಲಿಂಗಪೂಜೆ ಮುಗಿದಿರುತ್ತದೆ. ಹಣೆಯ ವಿಭೂತಿ ಇನ್ನೂ ಆರಿರುವುದಿಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಸ್ಲೇಟು ಹಿಡಿದು ಕೂರುತ್ತಾರೆ. ಬಸ್ಸಿನಿಂದ ಮೊದಲು ಇಳಿದವರು ಯಾರೇ ಆಗಲಿ, ಅವರ ನಡಿಗೆಯನ್ನು ಬಳಪ ಎತ್ತದೆ ಬರೆಯಬೇಕು. ಮುಖ, ಬಟ್ಟೆ ಯಾವುದೂ ಬೇಡ, ನಡಿಗೆ ಮಾತ್ರ. ಒಂದು ದಿನ ಮಂಡಿನೋವಿನ ಮೇಸ್ತ್ರಿ, ಇನ್ನೊಂದು ದಿನ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡ ಹೆಂಗಸು. ಬರೆದಾದ ಮೇಲೆ ಒಮ್ಮೆ ನೋಡಿ, ಒದ್ದೆ ಬಟ್ಟೆಯಿಂದ ಒರೆಸಿಬಿಡುತ್ತಾರೆ. ಕಾಫಿ ಕುಡಿಯುವುದು ಅದಾದ ಮೇಲೆಯೇ. ಜ್ವರ ಬಂದಾಗಲೂ ಇದು ತಪ್ಪಿಲ್ಲ, ತಂದೆ ಗಂಗಾಧರಪ್ಪನವರು ಲಿಂಗೈಕ್ಯರಾದ ಮರುದಿನವೂ ತಪ್ಪಲಿಲ್ಲ.

"ಅಷ್ಟು ಚೆನ್ನಾಗಿ ಬರ್ದು ಒರೆಸೋದ್ಯಾಕೆ?" ಎಂದು ಒಮ್ಮೆ ಕೇಳಿದೆ. ಬಸವ ಜಯಂತಿಯ ದಾಸೋಹಕ್ಕೆ ಇಬ್ಬರೂ ಕುಂಬಳಕಾಯಿ ಹೆಚ್ಚುತ್ತ ಕೂತಿದ್ದೆವು.

"ಇಟ್ಕೊಂಡ್ರೆ ನಾಳೆ ಇದನ್ನೇ ನೋಡಿ ಬರೀತೀನಿ ಅಕ್ಕ. ಬಸ್ಸಿಂದ ಇಳಿಯೋರನ್ನ ನೋಡೋದೇ ಬಿಟ್ಬಿಡ್ತೀನಿ" ಎಂದರು.

ಮುಂದಿನ ಮಾತುಗಳನ್ನೆಲ್ಲ ನಾನು ಅವರಿಂದಲೇ ಹೀಗೆ ಬಿಡಿಬಿಡಿಯಾಗಿ ಕೇಳಿದ್ದು.

ಗಂಗಾಧರಪ್ಪನವರ ದಿನಸಿ ಅಂಗಡಿಯಲ್ಲಿ ಒಂದು ಟಿ.ವಿ. ಇತ್ತು. ಸಂಜೆ ಕಾರ್ಟೂನು ಬರುವ ಹೊತ್ತಿಗೆ ಸುತ್ತಲಿನ ಮಕ್ಕಳೆಲ್ಲ ಅಕ್ಕಿಮೂಟೆಗಳ ಮೇಲೆ ಸಾಲಾಗಿ ಕೂರುತ್ತಿದ್ದರು. ಕಥೆ ಅರ್ಧಕ್ಕೆ ಬರುವಾಗ ಕರೆಂಟು ಹೋಗುವುದು ಆ ಕಾಲದ ವಾಡಿಕೆ. ಮಕ್ಕಳು ಗೊಣಗುತ್ತ ಏಳುವಾಗ ಪುಟ್ಟ ರುದ್ರಾಣಿ ಸ್ಲೇಟು ತೆಗೆದುಕೊಂಡು, "ಕೂತ್ಕೊಳ್ರೋ, ಮುಂದೆ ಏನಾಯ್ತು ನಾನು ಹೇಳ್ತೀನಿ" ಎಂದು ಬರೆಯತೊಡಗುತ್ತಿದ್ದಳು. ಒಂದು ಚಿತ್ರ ಬರೆದು, ಒರೆಸಿ, ಅದೇ ಜಾಗದಲ್ಲಿ ಇನ್ನೊಂದು. ಕಾರ್ಟೂನಿನಲ್ಲಿ ನಿಜವಾಗಿ ಏನಾಯಿತೋ ಯಾರಿಗೂ ತಿಳಿಯಲಿಲ್ಲ. ಗೋಣಿಬೀಡಿನ ಒಂದು ತಲೆಮಾರಿನ ಮಕ್ಕಳಿಗೆ ರುದ್ರಾಣಿ ಹೇಳಿದ ಮುಕ್ತಾಯವೇ ಮುಕ್ತಾಯ.

ಡಿಗ್ರಿ ಮುಗಿದ ಮೇಲೆ ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಗೆರೆ ತಿದ್ದುವ ಕೆಲಸ ಸಿಕ್ಕಿತು. ಅಲ್ಲಿಯೇ ಅವರಿಗೆ ಸ್ಟೋರಿಬೋರ್ಡ್ ಎಂಬುದರ ಪರಿಚಯವಾದದ್ದು. ಮನೆ ಕಟ್ಟುವ ಮೊದಲು ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಹಾಕುತ್ತಾರಲ್ಲ, ಹಾಗೆ ಕಾರ್ಟೂನು ತಯಾರಾಗುವ ಮೊದಲು ಇಡೀ ಕಥೆಯನ್ನು ಚೌಕ ಚೌಕವಾಗಿ ಗೆರೆಯಲ್ಲಿ ಬರೆದಿಡುವುದು. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ತಿರುಗಬೇಕು, ನಗು ಎಲ್ಲಿ ಬರಬೇಕು, ಎಲ್ಲವೂ ಅದರಲ್ಲೇ ನಿಶ್ಚಯವಾಗುತ್ತದೆ. "ಇದನ್ನ ನಾನು ಅಕ್ಕಿಮೂಟೆ ಮುಂದೆ ಕೂತು ಮಾಡ್ತಿದ್ನಲ್ಲ ಅನ್ನಿಸ್ತು" ಎಂದು ನಕ್ಕರು. ಕೊರೋನಾ ಕಾಲದಲ್ಲಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡುವಂತಾದಾಗ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲೇ ಕೂತು 'ಕೆಂಜ'ನ ಕಥೆ ಹೆಣೆದರು. ಕೆಂಜ ಕಾಫಿ ತೋಟದ ಒಂದು ಕೆಂಜಳಿಲು. ಉದ್ದ ಬಾಲ, ಸಿಕ್ಕಾಪಟ್ಟೆ ಕುತೂಹಲ, ಮಾತು ಮಾತ್ರ ಇಲ್ಲ. ಮಕ್ಕಳ ಚಾನೆಲ್ಲೊಂದು ಅದನ್ನು ಒಪ್ಪಿಕೊಂಡಿತು.

ಪ್ರತಿ ಕಂತನ್ನೂ ಕಳಿಸುವ ಮುಂಚೆ ರುದ್ರಾಣಿಯವರು ಒಂದು ಕಡೆ ತೋರಿಸಿಯೇ ತೋರಿಸುತ್ತಾರೆ. ಊರಾಚೆಯ ದೇವರಾಜ ಗೌಡರ ಎಸ್ಟೇಟಿನ ಬಾಲವಾಡಿ ಅದು. ಕೊಯ್ಲಿಗೆ ಬಂದವರ ಮಕ್ಕಳು ಅಲ್ಲಿರುತ್ತಾರೆ, ಊರಿನವರ ಮಕ್ಕಳೂ ಇರುತ್ತಾರೆ, ಅಸ್ಸಾಮಿನವರ ಮಕ್ಕಳೂ ಇರುತ್ತಾರೆ. ರಂಗಮ್ಮ ಎಂಬವರು ಅವರನ್ನು ನೋಡಿಕೊಳ್ಳುತ್ತಾರೆ. ಮಾತಿಲ್ಲದ ಕೆಂಜನನ್ನು ಎಲ್ಲರೂ ಒಂದೇ ಥರ ಅರ್ಥ ಮಾಡಿಕೊಳ್ಳುತ್ತಾರೆ. ರುದ್ರಾಣಿಯವರು ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತ ಹೋಗಿ ಅರ್ಧಕ್ಕೆ ನಿಲ್ಲಿಸಿ, "ಕರೆಂಟ್ ಹೋಯ್ತು" ಎನ್ನುತ್ತಾರೆ. ಮಕ್ಕಳು ಮುಂದಿನದಕ್ಕಾಗಿ ಜಗಳವಾಡಿದರೆ ಕಂತು ಸರಿಯಿದೆ ಎಂದು ಲೆಕ್ಕ.

ಕಳೆದ ಸುಗ್ಗಿಯಲ್ಲಿ ಸ್ಟುಡಿಯೋದಿಂದ ಪ್ರಶಾಂತ್ ಫೋನು ಮಾಡಿದರು. ಚಾನೆಲ್ಲಿನ ಜೊತೆ ವ್ಯವಹರಿಸುವವರು ಅವರೇ.

"ಮೇಡಂ, ಮುಂದಿನ ವರ್ಷ ಕೆಂಜ ಬೇಕೋ ಬೇಡ್ವೋ ಅಂತ ಒಂದು ಕಂತು ನೋಡಿ ತೀರ್ಮಾನ ಮಾಡ್ತಾರಂತೆ. ಈ ಸಲ ಒಬ್ಬ ವಿಲನ್ ಇರ್ಲಿ ಅಂದಿದಾರೆ."

"ಇಲ್ಲಾಂದ್ರೆ?"

"ಇಲ್ಲಾಂದ್ರೆ ಕೆಂಜನ ಜಾಗಕ್ಕೆ ಬೇರೆಯದು ರೆಡಿ ಇದೆ."

ರುದ್ರಾಣಿಯವರಿಗೆ ಆ ಅಳಿಲು ಬರಿಯ ಕೆಲಸವಾಗಿರಲಿಲ್ಲ. ಇಷ್ಟು ವರ್ಷ ಬೇರೆಯವರ ಕಥೆಗೆ ಗೆರೆ ಎಳೆದು, ಕೊನೆಗೆ ತಮ್ಮದೆಂದು ಸಿಕ್ಕಿದ್ದು ಅದೊಂದೇ. ಕೆಂಜ ನಿಂತುಹೋದರೆ ಮತ್ತೆ ಬೇರೆಯವರ ಗೆರೆ ತಿದ್ದುವುದೇ. ಅದಕ್ಕೇ ಹೇಳಿದಂತೆ ಮಾಡಿದರು. ಹಣ್ಣನ್ನೆಲ್ಲ ನುಂಗುವ ಒಂದು ಕಬ್ಬಿಣದ ಯಂತ್ರ, ಅದರೊಳಗೆ ಹಲ್ಲು ಕಿರಿಯುವ ಒಬ್ಬ ದುಷ್ಟ. ಬರೆದದ್ದು ಅಚ್ಚುಕಟ್ಟಾಗಿಯೇ ಬಂತು. ಅದನ್ನು ಹಿಡಿದುಕೊಂಡು ಬಾಲವಾಡಿಗೆ ಹೋದರು. ಯಂತ್ರ ಕೆಂಜನ ಮೇಲೆ ಬೀಳುವ ಚಿತ್ರಕ್ಕೆ ನಿಲ್ಲಿಸಿ, "ಕರೆಂಟ್ ಹೋಯ್ತು" ಎಂದರು.

"ಕೆಂಜ ಗೆಲ್ತಾನೆ" ಎಂದು ಮಕ್ಕಳೆಲ್ಲ ಒಂದೇ ಉಸಿರಿಗೆ ಹೇಳಿ, ಚೆಂಡು ತೆಗೆದುಕೊಂಡು ಆಚೆ ಓಡಿದರು.

ರಂಗಮ್ಮ ಬಾಯಿಗೆ ಅಡಿಕೆ ಹಾಕಿಕೊಂಡು, "ಏನ್ ಮಾರಾಯ್ತಿ, ಈ ಸಲ ಕರೆಂಟ್ ಹೋಗಿದ್ದೇ ಒಳ್ಳೇದಾಯ್ತಲ್ಲ" ಎಂದರು.

ರುದ್ರಾಣಿಯವರು ಚಿತ್ರಗಳನ್ನು ಮತ್ತೆ ಮೊದಲಿಂದ ತಿರುವತೊಡಗಿದರು. ಅಲ್ಲೇ ಜಗಲಿಯಲ್ಲಿ ಕೂತಿದ್ದಾಗ ಹೊರಗಿನ ಗದ್ದಲ ಇದ್ದಕ್ಕಿದ್ದಂತೆ ನಿಂತಿತು. ಎದ್ದು ನೋಡಿದರೆ ಮಕ್ಕಳು ಕಣದ ಅಂಚಿನಲ್ಲಿ ಸಾಲಾಗಿ ನಿಂತಿದ್ದಾರೆ. ಕಣದ ತುಂಬ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗಲು ಹರವಿದೆ, ಮರದ ಗೋರುಮಣೆಯಿಂದ ಎಳೆದ ಸಾಲುಗಳು ಬಾಚಿದ ತಲೆಯ ಹಾಗಿವೆ. ಸರಿಯಾಗಿ ನಟ್ಟನಡುವೆ ಅವರ ಕೆಂಪು ಚೆಂಡು.

ಚಪ್ಪಲಿ ಮೆಟ್ಟಿ ಕಣಕ್ಕೆ ಇಳಿಯುವಂತಿಲ್ಲ, ಬೆಳೆ ಎಂದರೆ ಲಕ್ಷ್ಮಿ. ಬರಿಗಾಲಲ್ಲಿ ಇಳಿಯುವ ಆಳುಗಳು ಕೂಡ ಹಿಂದಕ್ಕೆ ನಡೆಯುತ್ತ ತಮ್ಮ ಹೆಜ್ಜೆಯ ಮೇಲೆ ತಾವೇ ಗೋರುಮಣೆ ಎಳೆದುಕೊಂಡು ಬರುತ್ತಾರೆ. ಮಕ್ಕಳಂತೂ ಅತ್ತ ಸುಳಿಯಲೇಬಾರದು. ಇಳಿದರೆ ಹೆಜ್ಜೆ ಚಾಡಿ ಹೇಳುತ್ತದೆ.

"ಹಗ್ಗ ಎಸೆಯೋಣ."

"ನಾಯೀನ ಬಿಡೋಣ."

"ನಾಯಿಗೆ ಕಾಲಿಲ್ವೇನೋ, ದಡ್ಡ!"

ಅಷ್ಟರಲ್ಲಿ ದೇವರಾಜ ಗೌಡರು ಅತ್ತ ಬಂದರು. ಎಪ್ಪತ್ತು ದಾಟಿದ, ಮಕ್ಕಳೆಂದರೆ ಕರಗುವ ಜೀವ. "ಇಷ್ಟಕ್ಕೇ ಇಷ್ಟು ಸಭೆಯೇನ್ರೋ? ತಡೀರಿ" ಎಂದು ಕಾಲು ಮುಂದಿಟ್ಟರು.

"ಗೌಡ್ರೇ, ಬೂಟು!" ಎಂದು ರಂಗಮ್ಮ ಜಗಲಿಯಿಂದಲೇ ಕೂಗಿದರು. "ಯಜಮಾನ್ರೇ ಹಿಂಗ್ ಮಾಡಿದ್ರೆ ಆಳುಗಳಿಗೆ ಏನ್ ಹೇಳೋದು?"

ಗೌಡರು ನಾಚಿಕೊಂಡು ಬೂಟು ಬಿಚ್ಚತೊಡಗಿದರು. ಆಗ ಮಕ್ಕಳು ಅವರ ಅಂಗಿ ಹಿಡಿದು ಎಳೆದರು. "ಬೇಡ ತಾತ, ಬೇಡ! ನೀವು ತಂದ್ಕೊಟ್ಟು ಹೊರಟ್ಹೋಗ್ತೀರಾ. ಆಮೇಲೆ ಆ ಹೆಜ್ಜೆ ನಮ್ದೇ ಅಂತ ಲೆಕ್ಕ ಬರೆಯೋ ರೈಟ್ರು ಬೈತಾರೆ!"

ಗೌಡರು ಒಂದು ಕಾಲಲ್ಲಿ ಬೂಟು ಹಾಕಿಕೊಂಡೇ ಹೊಟ್ಟೆ ಹಿಡಿದು ನಕ್ಕರು. ಮಕ್ಕಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಕಾದರು. ಬಿಸಿಲೇರಿದ ಮೇಲೆ ಹೆಂಗಸರು ಕಾಫಿ ತಿರುವಲು ಇಳಿದು ಗೋರುಮಣೆ ಎಳೆಯುತ್ತ ಬಂದಂತೆ ಚೆಂಡು ಸಾಲಿನಿಂದ ಸಾಲಿಗೆ ಹೊರಳಿ ಅಂಚಿಗೆ ಬಂದುಬಿತ್ತು. ಅಷ್ಟು ಹೊತ್ತೂ ರುದ್ರಾಣಿಯವರು ಕದಲಿರಲಿಲ್ಲ.

ಮನೆಗೆ ಬಂದು ಯಂತ್ರದ ಕಥೆಯನ್ನು ಪಕ್ಕಕ್ಕಿಟ್ಟರು. ಹೊಸ ಕಥೆಯಲ್ಲಿ ಕೆಂಜನ ಹಲಸಿನ ಹಣ್ಣು ಕಣದ ನಡುವೆ ಬೀಳುತ್ತದೆ, ಅವನು ಹೆಜ್ಜೆ ಮೂಡಿಸದೆ ಅದನ್ನು ಪಡೆಯಬೇಕು. ಇಷ್ಟೇ. ಇದನ್ನು ಅರ್ಧಕ್ಕೆ ನಿಲ್ಲಿಸಿದಾಗ ಬಾಲವಾಡಿಯಲ್ಲಿ ಎಷ್ಟು ಜಗಳವಾಯಿತೆಂದರೆ, ಊಟಕ್ಕೆ ಕೂರಿಸಲು ರಂಗಮ್ಮ ಸೌಟು ಹಿಡಿದು ನಿಲ್ಲಬೇಕಾಯಿತು.

ಪ್ರಶಾಂತ್ ನೋಡಿ, "ವಿಲನ್ ಎಲ್ಲಿ ಮೇಡಂ?" ಎಂದರು.

"ಇಲ್ಲ."

ಅವರು ಕಥೆಯನ್ನು ಇನ್ನೊಮ್ಮೆ ನೋಡಿದರು. "ನಂಗಂತೂ ಹಿಡಿಸ್ತು. ಮೇಲಿನೋರು ಏನಂತಾರೋ ಗೊತ್ತಿಲ್ಲ. ಕಳಿಸ್ತೀನಿ."

ಆಮೇಲೆ ಸುದ್ದಿಯೇ ಇಲ್ಲ. ಹೂಮಳೆ ಬಂತು, ತೋಟವೆಲ್ಲ ಬೆಳ್ಳಗೆ ಅರಳಿ ಉದುರಿತು. ರುದ್ರಾಣಿಯವರು ದಿನಾ ಸ್ಲೇಟಿನಲ್ಲಿ ಬರೆದು ಒರೆಸುತ್ತಿದ್ದರು. ಕೇಳಿದವರಿಗೆ "ಶಿವನ ಚಿತ್ತ" ಎನ್ನುತ್ತಿದ್ದರು. ಊಟ ಮಾತ್ರ ಕಡಿಮೆಯಾಗಿತ್ತು.

ಒಂದು ಸಂಜೆ ದೇವರಾಜ ಗೌಡರು ಅಂಗಡಿಯ ಮುಂದೆ ಜೀಪು ನಿಲ್ಲಿಸಿ ಮೆಟ್ಟಿಲು ಹತ್ತಿ ಬಂದರು. ರಂಗಮ್ಮ ಎಲ್ಲ ಹೇಳಿದ್ದರಂತೆ. ಕಣದ ಕಥೆಯ ಚಿತ್ರಗಳನ್ನು ಕೇಳಿ ಪಡೆದು, ಒಂದೊಂದನ್ನೂ ಕನ್ನಡಕ ಸರಿಮಾಡಿಕೊಂಡು ನೋಡಿದರು. ಒಂದು ಕಾಲಿಗೆ ಮಾತ್ರ ಬೂಟು ತೊಟ್ಟ ಮುದಿ ಕರಡಿ ಬಂದಾಗ, "ಇದು ನಾನೇ ಅಲ್ವೇನಮ್ಮ!" ಎಂದು ನಕ್ಕು, ಕಣ್ಣೊರೆಸಿಕೊಂಡರು.

"ನೋಡು ರುದ್ರಾಣಿ, ಆ ಚಾನೆಲ್ಲಿನಲ್ಲಿ ದೊಡ್ಡ ಸೀಟಲ್ಲಿ ಇರೋನು ನನ್ನ ಹೆಂಡ್ತಿ ತಮ್ಮ. ಒಂದು ಮಾತು ಹೇಳಿದ್ರೆ ಆಯ್ತು. ಇಲ್ಲಿಂದಲೇ ಫೋನ್ ಮಾಡ್ಲಾ?"

ಅವರು ಫೋನು ತೆಗೆದೇ ಬಿಟ್ಟಿದ್ದರು. ಕೆಳಗೆ ಕಳಸದ ಬಸ್ಸು ಬಂದು ನಿಂತು, ಯಾರನ್ನೋ ಇಳಿಸಿ ಹೊರಟುಹೋಯಿತು. ರುದ್ರಾಣಿಯವರು ಗೌಡರ ಕೈಯಿಂದ ಚಿತ್ರಗಳನ್ನು ಮೆಲ್ಲಗೆ ತೆಗೆದುಕೊಂಡು ಅಂಚು ಕೂಡಿಸಿ ಮೇಜಿನ ಮೇಲಿಟ್ಟರು.

"ಕಾಫಿ ಕುಡ್ದು ಹೋಗಿ ಗೌಡ್ರೇ" ಎಂದರು. "ಫೋನ್ ಬೇಡ. ನೀವು ತಂದ್ಕೊಟ್ಟು ಹೊರಟ್ಹೋಗ್ತೀರಾ. ಆಮೇಲೆ ಆ ಹೆಜ್ಜೆ ನಂದೇ ಅಂತಾರೆ."