ಶಹರ್ಬಾನುವಿನ ಪರದೆ ಕಾರು

ಶಿರಾದ ಕೋಟೆ ಹಿಂದಿನ ಗಲ್ಲಿಗೆ ಆ ಮಾರಿಸ್ ಕಾರು ಬಂದದ್ದು ಎತ್ತುಗಳ ಬೆನ್ನ ಹಿಂದೆ. ಕೊರಟಗೆರೆ ಕಡೆಯ ಜೋಡಿದಾರ ಜಮೀನುದಾರರೊಬ್ಬರು ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಅದನ್ನು ಕೊಟ್ಟಿಗೆಗೆ ತಳ್ಳಿಸಿದ್ದರು. ಆಮೇಲೆ ಯಾರೂ ಅದರ ತಂಟೆಗೆ ಹೋಗಲಿಲ್ಲ. ಹಿಂದಿನ ಸೀಟಿನಲ್ಲಿ ಕೋಳಿಗಳು ಕಾವಿಗೆ ಕೂತವು. ಮೇಲಿನ ಕ್ಯಾನ್ವಾಸನ್ನು ಇಲಿಯೂ ಗೆದ್ದಲೂ ಹಂಚಿಕೊಂಡು ತಿಂದವು. ಖಾಸಗಿ ಬಸ್ಸಿನ ಷೆಡ್ಡಿನಲ್ಲಿ ಫಿಟ್ಟರ್ ಆಗಿದ್ದ ಮುನೀರ್ ಒಮ್ಮೆ ಆ ಊರಿಗೆ ಹೋದವನು ಅದನ್ನು ಕಂಡು ಮರುಳಾಗಿ, ಎರಡು ಜೊತೆ ಎತ್ತು ಕಟ್ಟಿಸಿ, ಮಧುಗಿರಿ ಮೇಲೆ ಹಾದು ಶಿರಾಕ್ಕೆ ಎಳೆಸಿಕೊಂಡು ಬಂದ. ದಾರಿಯುದ್ದಕ್ಕೂ ಜನ ನಕ್ಕರು. ಗಲ್ಲಿಗೆ ಬಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನ ಸ್ವಂತ ಅಣ್ಣ, ಕಲಾಯಿ ಅಂಗಡಿಯ ನಸ್ರುಲ್ಲಾ.

ಮುನೀರನ ಹೆಂಡತಿ ಶಹರ್ಬಾನು ನಗಲಿಲ್ಲ. ಅಂಗಳದ ಗೋಡೆ ಒಡೆಸಿ, ಅಗಲದ ಬಾಗಿಲಿಡಿಸಿ ಕಾರನ್ನು ಒಳಗೆ ತಂದಾಗ, ಮೆಣಸಿನಕಾಯಿ ಒಣಹಾಕುವ ಜಾಗ ಹೋಯಿತಲ್ಲ ಎಂದು ಮಾತ್ರ ಅಂದುಕೊಂಡಳು. ಅವಳು ಪಾವಗಡದ ಹೆಣ್ಣು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡು ತವರೆಂಬುದು ಬೀಗ ಹಾಕಿದ ಒಂದು ಮನೆಯಷ್ಟೇ ಆಗಿತ್ತು. ಮಕ್ಕಳಾಗಿರಲಿಲ್ಲ. ಮುನೀರ್ ಒಳ್ಳೆಯವನೇ, ಆದರೆ ಮಾತಿನವನಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಅವರಿಬ್ಬರ ನಡುವೆ ಉಪ್ಪು, ಸೌದೆ, ಸೀಮೆಎಣ್ಣೆ ಬಿಟ್ಟು ಬೇರೆ ಮಾತು ಹುಟ್ಟಿರಲಿಲ್ಲ.

ಕಾರು ಬಂದ ಮೇಲೆ ಮಾತು ಬಂತು. ಸಂಜೆ ಷೆಡ್ಡಿನಿಂದ ಬಂದವನೇ ಅವನು ಕಾರಿನ ಕೆಳಗೆ ನುಗ್ಗುತ್ತಿದ್ದ. ಎರಡು ಪಾದ ಮಾತ್ರ ಹೊರಗೆ. ಶಹರ್ಬಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕೇಳಿದ ಸ್ಪ್ಯಾನರ್ ಕೊಡುತ್ತಿದ್ದಳು. ಕೆಳಗಿನಿಂದ ಅವನು ಬಿಚ್ಚಿದ್ದು ಏನು, ಅದರ ಕೆಲಸ ಏನು, ಯಾಕೆ ಕೆಟ್ಟಿದೆ ಎಂದೆಲ್ಲ ಹೇಳುತ್ತಿದ್ದ. "ಎಂಜಿನ್ ತಿರುಗಿಸುವಾಗ ಹೆಬ್ಬೆರಳನ್ನ ಹ್ಯಾಂಡಲ್‌ಗೆ ಸುತ್ತಬಾರದು. ಅದು ಹಿಂದಕ್ಕೆ ಒದ್ದರೆ ಬೆರಳು ಮುರಿಯುತ್ತೆ" ಎಂದು ಒಮ್ಮೆ ಅವಳ ಕೈ ಹಿಡಿದು ಬೆರಳುಗಳನ್ನು ಸರಿಯಾಗಿ ಇಡಿಸಿದ. ಹಗಲಿನಲ್ಲಿ ಹಾಗೆ ಕೈ ಹಿಡಿದದ್ದು ಅದೇ ಮೊದಲು.

ಐವತ್ತಾರರ ಮಳೆಗಾಲದಲ್ಲಿ ಮುನೀರನಿಗೆ ವಿಷಮಶೀತ ಜ್ವರ ಬಂತು. ಎಂಜಿನ್ನು ಕೂಡಿಸಿ ಕಾರಿನೊಳಗೆ ಇಳಿಸಿದ್ದ. ಉಳಿದದ್ದೆಲ್ಲ ಮನೆಯ ತುಂಬ ಹರಡಿತ್ತು. ಬಾಗಿಲುಗಳು ಅಡುಗೆಮನೆಯ ಗೋಡೆಗೆ ಒರಗಿದ್ದವು, ರೇಡಿಯೇಟರ್ ಮಂಚದ ಕೆಳಗಿತ್ತು. ಜ್ವರ ಇಳಿಯಲಿಲ್ಲ. ಮಂಚದ ಮೇಲಿಂದ ಮುನೀರನನ್ನು ಎತ್ತಿಕೊಂಡು ಹೋದವರು ಆ ಸಾಮಾನುಗಳನ್ನು ದಾಟಿಕೊಂಡೇ ಹೋಗಬೇಕಾಯಿತು.

ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟದೆ, ಹೊರಗಿನ ಗಂಡಸರಿಗೆ ಕಾಣಿಸದೆ ಇದ್ದತ್ ಕೂರಬೇಕು. ನಸ್ರುಲ್ಲಾ ಬಾಗಿಲ ಪರದೆಯ ಆಚೆ ನಿಂತು ಹೇಳಿದ.

"ಈ ತಗಡನ್ನ ತೆಗೆಸಿಬಿಡ್ತೀನಿ ಶಹರ್ಬಾನು. ಈಗ ಗುಜರಿಯವರನ್ನ ಅಂಗಳಕ್ಕೆ ಬಿಡೋಕಾಗಲ್ಲ. ಇದ್ದತ್ ಮುಗೀಲಿ."

"ಹಾಗೇ ಮಾಡಿ, ಭಾಯಿಜಾನ್" ಎಂದಳು.

ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಆಗುವವರೆಗೆ ಮನೆಯಲ್ಲಿ ಜನವಿತ್ತು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಗೆ ಹೋದರು. ನಸ್ರುಲ್ಲಾನ ಹೆಂಡತಿ ದಿನಸಿ ಕಳಿಸುತ್ತಿದ್ದಳು. ಪಕ್ಕದ ಮನೆಯ ಓಬಳಮ್ಮ, ಕಡಲೆಕಾಯಿ ಸುಲಿಯುವ ಕೂಲಿಗೆ ಹೋಗುವವಳು, ಸಂಜೆ ತನ್ನ ಹಿತ್ತಿಲಿನ ಒರಳುಕಲ್ಲಿನ ಮೇಲೆ ಹತ್ತಿ ಗೋಡೆಯ ಮೇಲಿಂದ ಮುಖ ತೋರಿಸಿ, "ಉಂಡ್ಯಾ ಬಾನಮ್ಮ?" ಎನ್ನುತ್ತಿದ್ದಳು. ಆ ಒಂದು ಮಾತಿಗೆ ಉತ್ತರ ಕೊಟ್ಟರೆ ಶಹರ್ಬಾನುವಿನ ದಿನದ ಮಾತು ಮುಗಿಯಿತು. ಕೆಲವು ದಿನ ಓಬಳಮ್ಮ ಬರುತ್ತಿರಲಿಲ್ಲ. ಅಂಥ ದಿನ ರಾತ್ರಿ ಮಲಗುವಾಗ ಶಹರ್ಬಾನುವಿಗೆ ತನ್ನ ಗಂಟಲು ಕಟ್ಟಿದೆಯೋ ಏನೋ ಎನಿಸಿ, ಒಮ್ಮೆ ಕೆಮ್ಮಿ ನೋಡಿಕೊಳ್ಳುತ್ತಿದ್ದಳು.

ಒಂದು ದಿನ ಅಕ್ಕಿ ಹಾಕಿಡಲು ಡಬ್ಬ ಬೇಕಾಯಿತು. ಸಿಕ್ಕ ಬಿಸ್ಕತ್ತಿನ ಡಬ್ಬದಲ್ಲಿ ಬಿಚ್ಚಿದ ಕಾರ್ಬುರೇಟರ್ ಇತ್ತು. ಸುರಿದು ಬಿಡಲು ಕೈ ಬರಲಿಲ್ಲ. ಬಟ್ಟಲಿಗೆ ಸೀಮೆಎಣ್ಣೆ ಹಾಕಿ, ಒಂದೊಂದೇ ಚೂರನ್ನು ಹಳೆಯ ಸೀರೆಯ ತುಂಡಿನಿಂದ ಉಜ್ಜಿದಳು. ಉಜ್ಜಿದ ಮೇಲೆ ಯಾವುದು ಯಾವುದಕ್ಕೆ ಕೂರುತ್ತದೆ ಎಂಬುದು ನೆನಪಾಯಿತು. ಕೂಡಿಸಿದಳು. ಒಂದು ಸ್ಕ್ರೂ ಉಳಿಯಿತು. ಬಿಚ್ಚಿ ಮತ್ತೆ ಕೂಡಿಸಿದಳು. ಅಷ್ಟರಲ್ಲಿ ಮುಸ್ಸಂಜೆಯ ಮಗ್ರಿಬ್‌ನ ಅಜಾನ್ ಕೇಳಿಸಿತು. ಮಧ್ಯಾಹ್ನ ಹೋದದ್ದೇ ಅವಳಿಗೆ ಗೊತ್ತಾಗಿರಲಿಲ್ಲ.

ಅಂದಿನಿಂದ ಅದೇ ಅವಳ ಕೆಲಸವಾಯಿತು. ಸಾಬೂನಿನ ಪೆಟ್ಟಿಗೆಗಳ ಹಲಗೆ ಕೊಯ್ದು ಕಾರಿನ ತಳಕ್ಕೆ ಹಾಸಿದಳು; ಮೊದಲ ಸಲ ಅಳತೆ ತಪ್ಪಿ ಎರಡು ಹಲಗೆ ಒಲೆಗೆ ಹೋದವು. ತುಕ್ಕು ಹಿಡಿದ ಕಡೆಯೆಲ್ಲ ಉಪ್ಪುಕಾಗದ ಹಾಕಿ ತಿಕ್ಕಿದಳು. ಸೀಟಿಗೆ ತೆಂಗಿನ ನಾರು ತುಂಬಿ ದಬ್ಬಳದಿಂದ ಹೊಲಿದಳು. ಇಲಿ ತಿಂದ ವೈರುಗಳ ಬದಲು, ಮುನೀರ್ ತಂದಿಟ್ಟಿದ್ದ ಹೊಸ ವೈರು ಎಳೆದಳು. ಅವನೇ ತಂದಿದ್ದ ಬ್ಯಾಟರಿಯನ್ನು ಚಾರ್ಜ್ ಮಾಡಿಸಬೇಕೆಂಬ ಮಾತು ಓಬಳಮ್ಮನ ಕಿವಿಗೆ ಹಾಕಿದಾಗ ಆಕೆ ಗೋಡೆಯ ಮೇಲೆ ಗಲ್ಲಕ್ಕೆ ಕೈ ಹೊತ್ತಳು.

"ಅಲ್ಲ ಕಣಮ್ಮ, ಆ ಕೋಳಿಗೂಡನ್ನ ನೀನು ಓಡಿಸ್ತೀಯಾ?"

"ಓಡಿಸೋಕಲ್ಲ ಓಬಳಮ್ಮಕ್ಕ. ಒಂದು ಸಲ ಸದ್ದು ಮಾಡಲಿ. ಸಾಕು."

ಓಬಳಮ್ಮ ತನಗೆ ಗೊತ್ತಿದ್ದ ಗಂಗಹನುಮಯ್ಯನಿಗೆ ಹೇಳಿದಳು. ಆತ ಬಸ್ಸು ಓಡಿಸಿ, ವಯಸ್ಸಾಯಿತೆಂದು ಮಾಲೀಕರು ಮನೆಗೆ ಕಳಿಸಿದ ಮೇಲೆ, ಮಾಡಲು ಕೆಲಸವಿಲ್ಲದೆ ಬೇವಿನ ಮರದ ಕೆಳಗೆ ಕೂತಿರುತ್ತಿದ್ದ ಮನುಷ್ಯ. ಬ್ಯಾಟರಿಯನ್ನು ಸೈಕಲ್ಲಿನ ಮೇಲಿಟ್ಟುಕೊಂಡು ಹೋಗಿ ಚಾರ್ಜ್ ಮಾಡಿಸಿ, ಒಂದು ಡಬ್ಬ ಪೆಟ್ರೋಲಿನೊಡನೆ ತಂದ. ಓಬಳಮ್ಮ ಎರಡನ್ನೂ ಒಳಗೆ ತಂದು ಕೊಟ್ಟಳು. ಗಂಗಹನುಮಯ್ಯ ಹೋಗಲಿಲ್ಲ, ಗೋಡೆಯ ಆಚೆ ಬೀದಿಯಲ್ಲೇ ಕುಕ್ಕರಿಸಿದ.

ಶಹರ್ಬಾನು ಹ್ಯಾಂಡಲ್ ತಿರುಗಿಸಿದಳು. ಏನೂ ಆಗಲಿಲ್ಲ. ಮತ್ತೆ ತಿರುಗಿಸಿದಾಗ ಪಟಾಕಿ ಸಿಡಿದಂತೆ ಒಂದು ಸದ್ದಾಗಿ ಮತ್ತೆ ಸುಮ್ಮನಾಯಿತು.

"ಓಬಳಮ್ಮ, ಪ್ಲಗ್ ಬಿಚ್ಚಿ ನೋಡಕ್ಕೆ ಹೇಳು. ಒದ್ದೆ ಐತಾ, ಒಣಗೈತಾ?" ಬೀದಿಯಿಂದ ಗಂಗಹನುಮಯ್ಯ ಕೂಗಿದ.

"ಒದ್ದೆ" ಎಂದಳು ಶಹರ್ಬಾನು, ಓಬಳಮ್ಮನ ಕಡೆ ನೋಡಿ.

"ಒದ್ದೆಯಂತೆ!"

"ಹಂಗಾರೆ ಪೆಟ್ರೋಲ್ ಬತ್ತೈತೆ. ಸಿಡೀತಲ್ಲ, ಕಿಡೀನೂ ಐತೆ. ವೈರು ಯಾವ ವರಸೇಲಿ ಹಾಕವ್ಳೆ ಕೇಳು."

"ಒಂದು, ಎರಡು, ಮೂರು, ನಾಲ್ಕು."

"ಒಂದು, ಎಲ್ಡು..." ಎಂದು ಶುರುಮಾಡಿದ ಓಬಳಮ್ಮ ಬೇಸತ್ತು ಸೆರಗು ಕೊಡವಿದಳು. "ಇಬ್ರೂ ಗೋಡೆ ಪಕ್ಕಾನೇ ಇದ್ದೀರಿ. ನೀವ್ ನೀವೇ ಮಾತಾಡ್ಕಳಿ. ನನ್ನ ಒಲೆ ಮೇಲೆ ಮುದ್ದೆಗೆ ಎಸರು ಇಟ್‌ಬುಟ್ಟು ಬಂದಿವ್ನಿ."

ಓಬಳಮ್ಮ ಹೊರಟುಹೋದಳು. ಆಮೇಲೆ ಗಂಗಹನುಮಯ್ಯ ದನಿ ತಗ್ಗಿಸಿ ಹೇಳಿದ. "ಅದು ಎಂಜಿನ್ನು ತಾಯಿ, ಮಗ್ಗಿ ಅಲ್ಲ. ಒಂದು, ಮೂರು, ನಾಕು, ಎಲ್ಡು. ಅಂಗೆ ಹಾಕಿ ನೋಡು."

ಹಾಗೆ ಹಾಕಿದಳು. ಮುನೀರ್ ಇಡಿಸಿದ್ದಂತೆ ಬೆರಳುಗಳನ್ನಿಟ್ಟು, ಮೈಯ ಭಾರವೆಲ್ಲ ಬಿಟ್ಟು ಎಳೆದಳು. ಕಾರು ಕೆಮ್ಮಿತು, ನಡುಗಿತು, ಗಡಗಡ ಎಂದು ಹತ್ತಿಕೊಂಡಿತು. ಬಿಳಿಯ ಹೊಗೆ ಅಂಗಳ ತುಂಬಿತು. ಓಬಳಮ್ಮನ ಮನೆಯ ಕೋಳಿಗಳು ಮಾಡಿನ ಮೇಲೆ ಹಾರಿದವು. ಗೋಡೆಯ ಆಚೆ ಮುದುಕ ಒಬ್ಬನೇ ಚಪ್ಪಾಳೆ ತಟ್ಟುತ್ತಿದ್ದ.

ಸುದ್ದಿ ಕಲಾಯಿ ಅಂಗಡಿಗೆ ಮುಟ್ಟಲು ಹೊತ್ತೇನೂ ಹಿಡಿಯಲಿಲ್ಲ. ನಸ್ರುಲ್ಲಾ ಕೈಮಸಿಯನ್ನೂ ತೊಳೆಯದೆ ಓಡಿ ಬಂದ. ಶಹರ್ಬಾನು ಒಳಗೆ ಹೋಗಿ ಪರದೆಯ ಹಿಂದೆ ನಿಂತಳು. ಬೈಯಲು ಬಾಯಿ ತೆರೆದವನು ಕಾರಿನ ಹತ್ತಿರ ಹೋಗಿ ನಿಂತುಬಿಟ್ಟ. ತಮ್ಮ ಕೂಡಿಸಿದ ಎಂಜಿನ್ನು ಅವನ ಎದುರು ಓಡುತ್ತಿತ್ತು. ರೇಡಿಯೇಟರಿನಿಂದ ನೀರು ಸೋರಿ ಅವನ ಚಪ್ಪಲಿಯ ಕೆಳಗೆ ಹರಿಯಿತು.

"ಮುನೀರ್ ಈ ಸದ್ದು ಕೇಳಿದ್ದನಾ?" ಎಂದು ಕೇಳಿದ.

"ಇಲ್ಲ ಭಾಯಿಜಾನ್."

ಅವನು ಕೂತು ರೇಡಿಯೇಟರಿನ ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. "ಇದನ್ನ ಬಿಚ್ಚಿಡು. ನಾಳೆ ಬೆಸುಗೆ ಹಾಕ್ತೀನಿ" ಎಂದು ಹೇಳಿ, ತಲೆ ತಗ್ಗಿಸಿಕೊಂಡು ಹೊರಟುಹೋದ. ಗುಜರಿಯವರ ಮಾತು ಮತ್ತೆ ಬರಲಿಲ್ಲ.

ಅಂದು ರಾತ್ರಿ ಶಹರ್ಬಾನು ಎಷ್ಟು ಅತ್ತಳೆಂದರೆ ಗಂಡ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ. ಮಾಡಲು ಇನ್ನೇನೂ ಉಳಿದಿರಲಿಲ್ಲವಲ್ಲ.

ಆದರೆ ಕೆಲಸ ಉಳಿದಿತ್ತು. ಇದ್ದತ್ ಮುಗಿದ ಮೇಲೆ ನಸ್ರುಲ್ಲಾನ ಮಗಳು ಕುಲ್ಸುಮ್‌ಳನ್ನು ಹೆರಿಗೆಗೆ ತುಮಕೂರಿನ ಆಸ್ಪತ್ರೆಗೆ ಒಯ್ಯಬೇಕಾಗಿ ಬಂತು. ಬಸ್ಸಿನ ನೂಕುನುಗ್ಗಲಿನಲ್ಲಿ ತುಂಬಿದ ಬಸುರಿಯನ್ನು ಹೇಗೆ ಕೂರಿಸುವುದು? ಶಹರ್ಬಾನು ಹಿಂದಿನ ಸೀಟನ್ನು ಮಲಗುವಷ್ಟು ಅಗಲ ಮಾಡಿದಳು. ಹತ್ತುವ ಮೆಟ್ಟಿಲನ್ನು ಕುಲುಮೆಗೆ ಕಳಿಸಿ ತಗ್ಗಿಸಿದಳು. ಕಿಟಕಿಗಳಿಗೂ ಡ್ರೈವರನ ಬೆನ್ನ ಹಿಂದೆಯೂ ಕಡುಕೆಂಪು ಬಟ್ಟೆಯ ಪರದೆ ಕಟ್ಟಿದಳು. ಗಂಗಹನುಮಯ್ಯ ಓಡಿಸಿದ. ಕುಲ್ಸುಮ್ ಸುಖವಾಗಿ ಹೆತ್ತಳು.

ಅಲ್ಲಿಂದ 'ಪರದೆ ಕಾರು' ಎಂದು ಹೆಸರಾಯಿತು. ಬಾಣಂತಿಯರು, ಮದುಮಕ್ಕಳು, ಕಾಲುನೋವಿನ ಮುದುಕಿಯರು ಕರೆಕಳಿಸುತ್ತಿದ್ದರು. ಮುಸಲ್ಮಾನರ ಮನೆಗಳವರಷ್ಟೇ ಅಲ್ಲ, ಹಳ್ಳಿಯ ಗೌಡರ ಮನೆಗಳವರೂ ಕರೆದರು. ಎಲ್ಲರದೂ ಒಂದೇ ಷರತ್ತು: ಹೆಂಗಸರ ಜೊತೆ ಶಹರ್ಬಾನು ಕೂತಿರಬೇಕು. ಹಾಗಾಗಿ ಮಧುಗಿರಿ, ಕೊರಟಗೆರೆ, ಪಾವಗಡ ಎಂದು ಅವಳು ಊರೂರು ಸುತ್ತಿದಳು. ಹೋಗುವಾಗ ಹಿಂದಿನ ಸೀಟು ತುಂಬಿರುತ್ತಿತ್ತು. ಅತ್ತೆಯ ಕಾಟ, ಮಗುವಿನ ಅಳು, ತವರಿನ ನೆನಪು, ಎಲ್ಲ ಅವಳ ಮಡಿಲಿಗೇ ಬೀಳುತ್ತಿದ್ದವು. ಊರು ಬಂದೊಡನೆ ಹೆಂಗಸರು ಇಳಿದು, ಕಾದು ನಿಂತಿದ್ದವರ ತೋಳಿಗೆ ಹೋಗಿಬಿಡುತ್ತಿದ್ದರು. ಬರುವಾಗ, ಮಲಗುವಷ್ಟು ಅಗಲದ ಆ ಸೀಟಿನ ಒಂದು ಮೂಲೆಯಲ್ಲಿ ಅವಳೊಬ್ಬಳೇ.

ಅರವತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಬಸ್ಸುಗಳು ಹೆಚ್ಚಿದವು. ಹೆಂಗಸರು ಬಸ್ಸಿಗೇ ಹತ್ತತೊಡಗಿದರು. ಕಾರನ್ನು ಕರೆಯುವವರು ತಿಂಗಳಿಗೆ ಒಬ್ಬರೋ ಇಬ್ಬರೋ. ಅಂಥ ಒಂದು ದಿನ, ಮದುವೆಯಾದ ಹುಡುಗಿಯೊಬ್ಬಳನ್ನು ಪಾವಗಡದ ಗಂಡನ ಮನೆಗೆ ಬಿಟ್ಟು ಹೊರಟರು. ಆ ಹುಡುಗಿ ಇಳಿದವಳು ತಿರುಗಿ ಬಂದು, "ಇವತ್ತೊಂದು ರಾತ್ರಿ ಇಲ್ಲೇ ಇರಿ ಖಾಲಾ, ನಂಗೆ ಇಲ್ಲಿ ಯಾರೂ ಗೊತ್ತಿಲ್ಲ" ಎಂದು ಅವಳ ಕೈ ಹಿಡಿದಿದ್ದಳು. ಶಹರ್ಬಾನು ಅವಳ ತಲೆ ಸವರಿದಳು, ಆದರೆ ಉಳಿಯಲಿಲ್ಲ. ಹಾಗೆ ಉಳಿಯುವುದು ಪದ್ಧತಿಯಲ್ಲ.

ತವರಿನ ಬೀದಿಯ ತಿರುವು ಹಿಂದಾಯಿತು. ಆ ಮನೆಯಲ್ಲಿ ಈಗ ಯಾರೋ ತೆಲುಗಿನವರು ಬಾಡಿಗೆಗೆ ಇದ್ದರು. ಬಿಸಿಲು ಇಳಿಯುತ್ತಿತ್ತು. ರಸ್ತೆಯ ಎರಡೂ ಬದಿ ಜಾಲಿ, ಕಲ್ಲು, ಕಡಲೆಕಾಯಿ ಕಿತ್ತ ಹೊಲ. ಮೈಲಿಗಟ್ಟಲೆ ಒಂದು ಗಾಡಿಯೂ ಎದುರಾಗಲಿಲ್ಲ. ಶಹರ್ಬಾನು ಕೈ ಚಾಚಿ, ಗಂಗಹನುಮಯ್ಯನ ಬೆನ್ನ ಹಿಂದಿನ ಪರದೆಯನ್ನು ಬದಿಗೆ ಸರಿಸಿದಳು. ಇಷ್ಟು ವರ್ಷದಲ್ಲಿ ಅವಳು ಹಾಗೆ ಮಾಡಿದ್ದಿಲ್ಲ. ಮುದುಕನ ಕುತ್ತಿಗೆಯ ಸುಕ್ಕು, ಅದರಾಚೆ ಗಾಜು, ಗಾಜಿನಾಚೆ ರಸ್ತೆ ಕಂಡವು.

"ಏನಾಯ್ತು ತಾಯಿ? ನಿಲ್ಲಿಸ್ಲಾ?"

"ಬೇಡ ಹನುಮಯ್ಯನವರೇ. ಏನಾದ್ರೂ ಮಾತಾಡಿ."

"ನಾನಾ? ಏನ್ ಮಾತಾಡ್ಲಿ?"

"ಏನಾದ್ರೂ."

ಗಂಗಹನುಮಯ್ಯ ಎರಡು ಸಲ ಗಂಟಲು ಸರಿಮಾಡಿಕೊಂಡ. ಆಮೇಲೆ, ಮುಂದಿನ ಹಳ್ಳದ ಹತ್ತಿರ ಒಂದು ವರ್ಷ ತನ್ನ ಬಸ್ಸು ಹೂತುಹೋದದ್ದನ್ನೂ, ಅದನ್ನು ಎಳೆಯಲು ಬಂದ ಎತ್ತುಗಳು ಹಾರನ್ನಿಗೆ ಬೆದರಿ ಓಡಿಹೋದದ್ದನ್ನೂ ನಿಧಾನವಾಗಿ ಹೇಳತೊಡಗಿದ.