ಸುಳ್ಯದ ಅರ್ಧ ಡಂಪ್

ಕೊರೊನಾ ಕಳೆದ ಮರುವರ್ಷ. ಆಗ ನಾನು ಪುತ್ತೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ರಕ್ತ, ಮೂತ್ರ ಪರೀಕ್ಷೆ ಮಾಡುವ ನಮ್ಮ ಶಾಖೆಗಳು ಸುಳ್ಯ, ಕಡಬಗಳಲ್ಲೂ ಇದ್ದವು. ಮೂರೂ ಕಡೆಯ ಸರ್ವರ್‌ಗಳನ್ನು ಎಚ್ಚರವಾಗಿಟ್ಟಿರುವುದು ನನ್ನ ಕೆಲಸ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಈ ವಿದ್ಯೆಯಲ್ಲಿ ಮೂರು ತಾಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಸುಳ್ಯ ಶಾಖೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರು ಕುಸುಮಕ್ಕ. ಮನೆಯಲ್ಲಿ ಆ ಕಡೆಯ ಆಡುನುಡಿ ಅರೆಭಾಷೆ, ನನ್ನ ಹತ್ತಿರ ಕನ್ನಡ. ಪ್ರಿಂಟರಿಗೆ ಬೈಯುವುದು ಮಾತ್ರ ತುಳುವಿನಲ್ಲಿ. ಒಂಬತ್ತು ವರ್ಷ, ರಜೆಯ ದಿನ ಬಿಟ್ಟರೆ, ಬೆಳಿಗ್ಗೆ ಎಂಟೂವರೆಗೆ ಅವರ ಫೋನ್ ತಪ್ಪಿದ್ದಿಲ್ಲ. “ಸರ್, ಸರ್ವರ್ ಎದ್ದಿದೆ. ಎಂತದೂ ತೊಂದರೆ ಇಲ್ಲ.” ಕೆಲಸದ ಮಾತು ಅಷ್ಟೇ. ಉಳಿದ ಎರಡು ನಿಮಿಷ ಸುಳ್ಯದಲ್ಲಿ ಮಳೆ ಬಂತೋ ಇಲ್ಲವೋ, ಬಸ್ಸು ಎಷ್ಟು ತಡ, ಮನೆಯಲ್ಲಿ ಎಂತ ತಿಂಡಿ ಎಂಬ ವರದಿ. ನಾನು ಒಂದು ಕಿವಿಯಲ್ಲಿ ಕೇಳುತ್ತಾ ಮೇಲ್ ನೋಡುತ್ತಿದ್ದೆ.

ಬೇಸಿಗೆಯ ಕೊನೆಯಲ್ಲಿ ನಮ್ಮ ಕಡೆ ಮಧ್ಯಾಹ್ನದ ಮೇಲೆ ಮೊದಲ ಗುಡುಗು ಕೇಳಿದರೆ ಊರಿಗೆ ಊರೇ ಪ್ಲಗ್ ಎಳೆಯುತ್ತದೆ. ಟಿವಿ, ಫ್ರಿಜ್ಜು, ಮೋಡೆಮ್ ಯಾವುದನ್ನೂ ಬಿಡುವುದಿಲ್ಲ. ಒಮ್ಮೆ ಸಿಡಿಲಿಗೆ ಸಾಮಾನು ಸುಟ್ಟುಕೊಂಡವರಿಗೆ ಯುಪಿಎಸ್ ಮೇಲೂ ನಂಬಿಕೆ ಇರುವುದಿಲ್ಲ. ಕುಸುಮಕ್ಕನದೂ ಅದೇ ಪದ್ಧತಿ, ಆದರೆ ಕ್ರಮಪ್ರಕಾರ. ಮೊದಲು ಸರ್ವರನ್ನು ಶಟ್‌ಡೌನ್ ಮಾಡಿ, ಪುಸ್ತಕದಲ್ಲಿ ಗಂಟೆ ಬರೆದು, ಆಮೇಲೆ ವಯರು ಎಳೆಯುವುದು. ಆ ಕ್ರಮವನ್ನು ಕಲಿಸಿದವನು ನಾನೇ.

ಮೇ ತಿಂಗಳ ಒಂದು ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಸುಳ್ಯದ ಸರ್ವರ್ ಬಿತ್ತು. ಮತ್ತೆ ಎದ್ದಾಗ ಬೆಳಗಿನಿಂದ ದಾಖಲಿಸಿದ್ದ ವರದಿಗಳು ಒಂದೂ ಇರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟು ಹೋದವರನ್ನೆಲ್ಲ ಮತ್ತೆ ಕರೆಸಬೇಕಾಯಿತು. ಅವರಲ್ಲಿ ತುಂಬು ಬಸುರಿಯರೂ ಇದ್ದರು. ಕೌಂಟರಿನ ಮುಂದೆ ಗಲಾಟೆಯಾಯಿತು. ಯಾರ ತಪ್ಪು ಎಂದು ನಾಳೆಯೊಳಗೆ ಬರೆದು ಕೊಡಿ ಎಂದರು ನಮ್ಮ ಮ್ಯಾನೇಜರ್.

ಕುಸುಮಕ್ಕನಿಗೆ ಫೋನ್ ಮಾಡಿದೆ.

“ಸ್ಕ್ರೀನ್ ಮೊದಲೇ ಕಪ್ಪಾದದ್ದು ಸರ್. ಕೀಬೋರ್ಡ್ ಒತ್ತಿದ್ರೆ ಎಂತದೂ ಇಲ್ಲ. ಆಮೇಲೆ ಗುಡುಗಿದ್ದು. ಇನ್ನು ಶಟ್‌ಡೌನ್ ಮಾಡುದು ಹೇಗೆ? ವಯರು ಎಳೆದೆ.”

ಇಲ್ಲಿ ಸ್ವಲ್ಪ ವಿವರಿಸಬೇಕು. ಕಂಪ್ಯೂಟರಿನ ಎಲ್ಲ ಕೆಲಸವನ್ನೂ ಒಳಗಿನಿಂದ ನಡೆಸುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಅದು ಮುಂದುವರಿಯಲಾರದೆ ಕುಸಿದರೆ, ಆ ಕ್ಷಣ ಮೆಮೊರಿಯಲ್ಲಿ ಇದ್ದದ್ದನ್ನು ಒಂದು ಫೈಲಿಗೆ ಬರೆದಿಟ್ಟು ಮತ್ತೆ ಏಳುವಂತೆ ನಾವು ವ್ಯವಸ್ಥೆ ಮಾಡಿರುತ್ತೇವೆ. ಆ ಫೈಲೇ ಕ್ರ್ಯಾಶ್ ಡಂಪ್. ಬರೆಯಲು ಕೆಲವು ನಿಮಿಷ ಬೇಕು. ನಮ್ಮ ಯಂತ್ರಗಳಲ್ಲಿ ಅಷ್ಟು ಹೊತ್ತು ಪರದೆ ಕಪ್ಪಾಗಿರುತ್ತಿತ್ತು. ಡಂಪನ್ನು ತೆರೆದು ಸಾವಿನ ಕಾರಣ ಹುಡುಕುವುದಕ್ಕೆ ಬೇರೆಯೇ ಒಂದು ಟೂಲ್ ಇದೆ. ಅದರ ಸೋರ್ಸ್ ಕೋಡ್ ಎಲ್ಲರಿಗೂ ಮುಕ್ತ. ನಮ್ಮ ಪ್ರತಿಯನ್ನು ನಾನೇ ತಿದ್ದಿ, ಸರಿಪಡಿಸಿ ಇಟ್ಟುಕೊಂಡಿದ್ದೆ.

ಸುಳ್ಯದ ಡಿಸ್ಕಿನಲ್ಲಿ ಒಂದು ಡಂಪ್ ಸಿಕ್ಕಿತು. ಟೂಲಿಗೆ ಕೊಟ್ಟರೆ ಫೈಲ್ ಅಪೂರ್ಣ ಎಂದು ಹೇಳಿ ತೆರೆಯಲು ಒಪ್ಪಲಿಲ್ಲ. ಕರೆಂಟು ತಪ್ಪಿಸಿದ್ದಕ್ಕೆ ಹಾಳಾದ ಫೈಲು ಎಂದುಕೊಂಡೆ. ‘ಶಟ್‌ಡೌನ್ ಮಾಡದೆ ವಿದ್ಯುತ್ ಸಂಪರ್ಕ ತೆಗೆದದ್ದೇ ಕಾರಣ’ ಎಂದು ಬರೆದು ಸಹಿ ಹಾಕಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ನಮ್ಮ ಮ್ಯಾನೇಜರ್. ಎರಡನೆಯ ಪ್ರಶ್ನೆ ಕೇಳಲಿಲ್ಲ.

ವರದಿಯಲ್ಲಿ ನಾನು ಬರೆಯದೆ ಬಿಟ್ಟದ್ದು ಒಂದಿತ್ತು. ನಾಲ್ಕು ದಿನ ಮೊದಲು ಪುತ್ತೂರಿನಲ್ಲೇ ಕೂತು ಸುಳ್ಯದ ಸರ್ವರಿಗೆ ಹೊಸ ಕರ್ನಲ್ ಹಾಕಿದ್ದೆ. ಕರ್ನಲ್ ಬದಲಾದರೆ ಅದಕ್ಕೆ ಹೊಂದುವಂತೆ ಟೂಲನ್ನೂ ಅಪ್‌ಡೇಟ್ ಮಾಡಬೇಕು. ಮುಂದಿನ ವಾರ ನೋಡಿದರಾಯಿತು ಎಂದು ಬಿಟ್ಟಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು ನಾನು. ಬೆರಳು ತೋರಿಸಿದ್ದು ಕುಸುಮಕ್ಕನ ಕಡೆಗೆ.

ಮರುದಿನ ಅವರೇ ಫೋನ್ ಮಾಡಿದರು. “ನಾನೇ ಅಂತ ಬರ್ದಿರಾ ಸರ್?”

“ಫೈಲ್ ಹಾಗೆ ಹೇಳ್ತದೆ ಕುಸುಮಕ್ಕ.”

“ಆಯ್ತು ಸರ್. ಇಡ್ತೇನೆ.”

ಆ ತಿಂಗಳ ಕೊನೆಗೆ ಅವರನ್ನು ಕೆಲಸದಿಂದ ಬಿಡಿಸಿದರು. ಹೊಸಬರು ಬೆಳಿಗ್ಗೆ ವಾಟ್ಸಾಪಿನಲ್ಲಿ ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದರು. ಕೆಲಸದ ಮಟ್ಟಿಗೆ ಅದು ಸಾಕು. ಆದರೂ ಎಂಟೂವರೆ ಆಗುವಾಗ ನನ್ನ ಕಣ್ಣು ಫೋನಿನ ಮೇಲೆ ಹೋಗುತ್ತಿತ್ತು. ಸುಳ್ಯದಲ್ಲಿ ಮಳೆ ಬಂತೋ ಇಲ್ಲವೋ ಎಂದು ತಿಳಿಯದೆ ದಿನ ಶುರುವಾಗುವುದು ನನಗೆ ಹಿಡಿಸಲಿಲ್ಲ. ಒಂದು ಕಿವಿಯಲ್ಲಿ ಕೇಳಿದ ಆ ಮಾತುಗಳನ್ನೆಲ್ಲ ಇನ್ನೊಮ್ಮೆ ಸರಿಯಾಗಿ ಕೇಳಬೇಕು ಎಂಬ ಆಸೆ ಆಗ ಹುಟ್ಟಿದ್ದು ಇವತ್ತಿಗೂ ಹೋಗಿಲ್ಲ.

ಜೂನಿನಲ್ಲಿ, ಒಂದು ಭಾನುವಾರ, ಸುಳ್ಯದ ಸರ್ವರ್ ಮತ್ತೆ ಬಿತ್ತು. ಲ್ಯಾಬಿಗೆ ಬೀಗ. ಒಳಗೆ ಒಂದು ನರಪಿಳ್ಳೆ ಇಲ್ಲ, ಗುಡುಗೂ ಇಲ್ಲ. ಡಿಸ್ಕಿನಲ್ಲಿ ಜಾಗ ಸಾಲದೆ ಹೊಸ ಡಂಪ್ ಉಳಿಯಲಿಲ್ಲ. ಸಾಕ್ಷಿ ಎಂದು ಇದ್ದದ್ದು ಮೇ ತಿಂಗಳ ಆ ಅರ್ಧ ಫೈಲು ಮಾತ್ರ. ಅದನ್ನು ಮತ್ತೆ ಹೊರತೆಗೆದೆ.

ಮೂರು ವಾರ ಟೂಲಿನ ಮುಂದೆ ಕೂತೆ. ತಿದ್ದಬೇಕಾದದ್ದು ಎರಡು. ಅರ್ಧ ಫೈಲನ್ನು ಕಂಡೊಡನೆ ಕೈಬಿಡುವ ಬದಲು, ಇದ್ದಷ್ಟನ್ನು ಓದಿ ಇಲ್ಲದ್ದನ್ನು ಇಲ್ಲ ಎಂದು ಹೇಳುವಂತೆ ಮಾಡಿದೆ. ಇನ್ನೊಂದು ಹೆಚ್ಚು ಕಷ್ಟದ್ದು. ಕರ್ನಲ್ ತನ್ನ ಆಗುಹೋಗುಗಳನ್ನು ಮೆಮೊರಿಯಲ್ಲಿ ಸಾಲುಸಾಲಾಗಿ ಬರೆದುಕೊಳ್ಳುತ್ತಿರುತ್ತದೆ. ಅದಕ್ಕೆ ಲಾಗ್ ಎನ್ನುತ್ತೇವೆ. ಹೊಸ ಕರ್ನಲಿನಲ್ಲಿ ಆ ಲಾಗ್ ಜೋಡಿಸುವ ರೀತಿಯೇ ಬದಲಾಗಿತ್ತು. ನಮ್ಮ ಹಳೆಯ ಟೂಲ್ ಹಳೆಯ ಜಾಗದಲ್ಲಿ ಹುಡುಕಿ ಕಸ ತೋರಿಸುತ್ತಿತ್ತು. ಹೊಸ ಜೋಡಣೆಯನ್ನು ಅದಕ್ಕೆ ಕಲಿಸಿದೆ.

ಲಾಗ್ ತೆರೆದುಕೊಂಡಿತು. ನೆಟ್‌ವರ್ಕ್ ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಅದರ ಡ್ರೈವರ್, ತಾನು ಆಗಲೇ ಬಿಟ್ಟುಕೊಟ್ಟ ಮೆಮೊರಿಗೆ ಮತ್ತೆ ಕೈ ಹಾಕಿ ಕರ್ನಲನ್ನು ಕೆಡವಿತ್ತು. ದೋಷ ನಾನು ಹಾಕಿದ ಹೊಸ ಕರ್ನಲಿನದು.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಕರ್ನಲ್ ಕುಸಿದರೆ ಮಾತ್ರ ಡಂಪ್ ಬರೆಯಲು ಶುರುವಾಗುವುದು. ಕುಸುಮಕ್ಕ ಮೊದಲು ವಯರು ಎಳೆದಿದ್ದರೆ ಪೂರ್ಣ ಬಿಡಿ, ಅರ್ಧ ಫೈಲೂ ಹುಟ್ಟುತ್ತಿರಲಿಲ್ಲ. ಬರೆಯುತ್ತಿದ್ದ ಹೊತ್ತಿಗೆ ವಯರು ಎಳೆದದ್ದರಿಂದಲೇ ಅದು ಅರ್ಧಕ್ಕೆ ನಿಂತಿತ್ತು. ಅವರು ಹೇಳಿದ್ದು ಸತ್ಯ ಎನ್ನಲು ಆ ಫೈಲು ಇದೆ ಎಂಬುದೇ ಸಾಕಿತ್ತು. ತೆರೆಯುವ ಅಗತ್ಯವೇ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಎರಡನೆಯ ವರದಿ ಬರೆದೆ, ತಪ್ಪು ನನ್ನದೆಂದು. ವಾಪಸ್ ಕೆಲಸಕ್ಕೆ ಬರಬಹುದು ಎಂಬ ಪತ್ರವನ್ನು ಮ್ಯಾನೇಜರಿಂದ ಹಟ ಹಿಡಿದು ಬರೆಸಿಕೊಂಡೆ. ಕುಸುಮಕ್ಕ ಸುಬ್ರಹ್ಮಣ್ಯದ ಒಂದು ಲಾಡ್ಜಿನ ಕೌಂಟರಿನಲ್ಲಿ ಇದ್ದಾರೆಂದು ತಿಳಿಯಿತು. ಕಡಬದ ಮೇಲೆ ಹೋಗುವ ಬಸ್ಸು ಹಿಡಿದು ಹೋದೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದ್ದೆ.

ನನ್ನನ್ನು ಕಂಡು ಎದ್ದು ನಿಂತರು. “ಊಟ ಆಯ್ತಾ ಸರ್?”

ಪತ್ರ ಕೊಟ್ಟೆ. ಡ್ರೈವರ್, ಲಾಗ್, ಅರ್ಧ ಫೈಲು ಎಲ್ಲ ವಿವರಿಸಿದೆ. ತಪ್ಪಾಯಿತು ಎಂದೂ ಹೇಳಿದೆ. ಅವರು ಪೂರ್ತಿ ಕೇಳಿದರು. ಯಾತ್ರಿಕರ ಒಂದು ಗುಂಪು ಬಂತು. ಅವರಿಗೆ ರೂಮು ಕೊಟ್ಟು ಮತ್ತೆ ನನ್ನ ಕಡೆ ತಿರುಗಿದರು.

“ಒಳ್ಳೆದಾಯ್ತು ಸರ್, ಬರ್ದು ಕೊಟ್ಟದ್ದು. ಆದ್ರೆ ನಾನು ಅವತ್ತೇ ಹೇಳಿದ್ದೆ ಅಲ್ವಾ?”

“ಹೌದು ಕುಸುಮಕ್ಕ. ವಾಪಸ್ ಬರ್ತೀರಾ?”

“ಇಲ್ಲ. ಇಲ್ಲಿ ರೂಮಿನ ಕೀ ವಾಪಸ್ ಬಂದಿಲ್ಲ ಅಂತ ನಾನು ಹೇಳಿದ್ರೆ ಬಂದಿಲ್ಲ. ಯಾರೂ ಇನ್ನೊಂದು ಸಲ ಹುಡುಕುದಿಲ್ಲ.” ಪತ್ರವನ್ನು ಮಡಚಿ ಮೇಜಿನ ಒಳಗೆ ಇಟ್ಟರು. “ನೀವೂ ಹಾಗೇ ಅಂತ ಎಣಿಸಿದ್ದೆ ಸರ್.”

ಚಹಾ ತರಿಸಿದರು, ಕುಡಿದು ಬಸ್ ಸ್ಟ್ಯಾಂಡಿಗೆ ನಡೆದೆ.

ಡಂಪ್ ತೆರೆಯುವ ಮೊದಲು, ಆ ಹೊತ್ತಿಗೆ ಯಂತ್ರದ ಹತ್ತಿರ ಇದ್ದವರಿಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಬೇಕು. ಟೂಲು ಬೇರೆ ಹೇಳಿದರೆ ಮೊದಲು ಟೂಲನ್ನು ಅನುಮಾನಿಸಬೇಕು. ಮೂವತ್ತು ವರ್ಷದ ಕೆಲಸ ನನಗೆ ಕಲಿಸಿದ ಪಾಠ ಇದು. ನನ್ನ ನಂತರ ಬಂದವರಿಗೆ ಲಿಖಿತ ನಿಯಮವಾಗಿ ಬಿಟ್ಟು ಬಂದಿದ್ದೇನೆ. ಅವರು ಪಾಲಿಸುತ್ತಿದ್ದಾರಂತೆ.

ಕುಸುಮಕ್ಕ ತಾವಾಗಿ ಫೋನ್ ಮಾಡುವುದಿಲ್ಲ. ಹಬ್ಬಕ್ಕೋ ಏನಕ್ಕೋ ನಾನು ಮಾಡಿದರೆ ಎತ್ತುತ್ತಾರೆ, ಆರೋಗ್ಯ ಕೇಳುತ್ತಾರೆ, ತುಂಬ ಮರ್ಯಾದೆಯಿಂದ ಮಾತಾಡುತ್ತಾರೆ, ರೂಮು ಕೇಳಿಕೊಂಡು ಬಂದವರ ಹತ್ತಿರ ಮಾತಾಡುವ ಹಾಗೆ.